ನಡುಗೋಡೆಯ ಗಾಜು

ನಮ್ಮ ಹೊಸೂರಿನ ಸಂತೆಗೂ ಒಂದು ಸೂರು ಇದ್ದ ಕಾಲ ಅದು. ಮಹಾಯುದ್ಧ ಮುಗಿದಿದ್ದರೂ ಸೀಮೆಎಣ್ಣೆಗೆ ಸಾಲು ನಿಲ್ಲುವುದು ತಪ್ಪಿರಲಿಲ್ಲ. ಹಳೇ ಮಾರ್ಕೆಟ್ಟಿನ ಬಾಗಿಲು ದಾಟಿದರೆ ಮೊದಲು ಹಸಿ ಕಡಲೆಕಾಯಿಯ ಮಣ್ಣಿನ ವಾಸನೆ, ಆಮೇಲೆ ಬೆಲ್ಲ, ಕೊನೆಗೆ ನಮ್ಮಜ್ಜಿಯ ಹುಣಸೆಹಣ್ಣು. ಕಣ್ಣು ಕಟ್ಟಿ ಬಿಟ್ಟರೂ ನಾನು ನೇರ ಅವಳ ಮುಂದೆ ಹೋಗಿ ನಿಲ್ಲುತ್ತಿದ್ದೆ. ಊರಿನ ಹಳೇ ಕೋಟೆಯ ಉಳಿಕೆ ಕಲ್ಲು ತಂದು ಕಟ್ಟಿದ ಕಟ್ಟಡವಂತೆ ಅದು. ತನ್ನ ತಾತ ಅದಕ್ಕೆ ಗಾರೆ ಅರೆದಿದ್ದನೆಂದು ಅಜ್ಜಿ ಜಂಬ ಕೊಚ್ಚುತ್ತಿದ್ದಳು. ಕೇಳಿದರೆ ಊರಿನ ಅರ್ಧ ಜನರ ತಾತಂದಿರೂ ಅಲ್ಲಿ ಗಾರೆ ಅರೆದವರೇ.

ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಆ ಕಟ್ಟಡದ ನಡುಗೋಡೆಯ ಬುಡದಲ್ಲಿ, ಹುಣಸೆ ಬುಟ್ಟಿಗಳ ಮಧ್ಯೆ. ಸೂರನ್ನೆಲ್ಲ ಹೊತ್ತಿದ್ದ ಆ ಗೋಡೆಯೇ ಒಂದು ಮಳೆಗಾಲದ ಮೊದಲಿಗೆ ಬಿರುಕು ಬಿಟ್ಟಿತು.

ಆಗ ನಮ್ಮ ಜಿಲ್ಲೆಯ ಕೇಂದ್ರವಾಗಿದ್ದ ಸೇಲಂನಿಂದ ಸರ್ಕಾರಿ ಕಟ್ಟಡ ನೋಡಿಕೊಳ್ಳುವ ಓವರ್‌ಸಿಯರ್ ಬಂದರು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಇಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿಸಿದರು. ಮಳೆಗಾಲ ಕಳೆಯುವ ತನಕ ಗಾಜು ಒಡೆಯದಿದ್ದರೆ ಗೋಡೆ ಗಟ್ಟಿ, ಕಟ್ಟಡ ಉಳಿಯುತ್ತದೆ. ಒಡೆದರೆ ಗೋಡೆ ಜರುಗುತ್ತಿದೆ ಎಂದರ್ಥ, ಕೆಡವಿಸುವುದೇ ಸರಿ ಎಂದು ತಮಿಳಿನಲ್ಲಿ ಹೇಳಿ ಹೊರಟುಹೋದರು.

ಅಂದಿನಿಂದ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಬೆಕ್ಕಿನ ಹೆಜ್ಜೆ ಇಡತೊಡಗಿತು. ಮೊದಲೆಲ್ಲ ಹಮಾಲಿ ಮುನಿಯಪ್ಪ ಮೂಟೆಯನ್ನು ಧೊಪ್ಪೆಂದು ಎತ್ತಿಹಾಕಿದರೆ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಹಾರುತ್ತಿದ್ದವು. ಈಗ ಅವನೇ ಬಾಗಿಲಲ್ಲಿ ನಿಂತು, "ಮೆಲ್ಲಗಿಳಿಸ್ರಲಾ, ಗಾಜೈತೆ!" ಎಂದು ಗದರುತ್ತಿದ್ದ. ನಮ್ಮ ಕುಂಟೆಬಿಲ್ಲೆ ಬಂದ್ ಆಯಿತು. ಬರುವ ಗಿರಾಕಿಯೂ ಮೊದಲು ಗಾಜು ನೋಡಿ, ಆಮೇಲೆ ಬೆಲೆ ಕೇಳುತ್ತಿದ್ದ. ಗುಡುಗು ಕೇಳಿದರೆ ಅಜ್ಜಿಯ ಮುಖ ಬಿಳಿಚುತ್ತಿತ್ತು. ಸೂರು ಹೋದರೆ ಬೀದಿಯ ಬದಿಯಲ್ಲಿ ಕೂರಬೇಕು. ನೆನೆದು ಬೂಷ್ಟು ಹಿಡಿದ ಹುಣಸೆಹಣ್ಣನ್ನು ಯಾರೂ ಮುಟ್ಟುವುದಿಲ್ಲ. ನಮ್ಮಿಬ್ಬರ ಊಟ ಆ ಬುಟ್ಟಿಗಳಲ್ಲೇ ಇತ್ತು. ಬೆಳಿಗ್ಗೆ ಬಂದವಳೇ ನಾನು ಉಸಿರು ಬಿಗಿಹಿಡಿದು ಗಾಜನ್ನು ನೋಡುತ್ತಿದ್ದೆ.

ಆಯುಧಪೂಜೆ ಬಂತು. ಪದ್ಧತಿಯಂತೆ ಎಲ್ಲರ ತಕ್ಕಡಿ, ಕತ್ತಿಗಳನ್ನು ನಡುಗೋಡೆಯ ಬುಡದಲ್ಲಿ ಜೋಡಿಸಿ ಕುಂಕುಮ ಇಟ್ಟರು. ಪುರಿ ಕಡಲೆ ಹಂಚಲು ಮೊರ ಸಿದ್ಧವಾಯಿತು. ಆಗ ಅಜ್ಜಿ, "ಊರೋರ್ ಕಣ್ಣೆಲ್ಲಾ ಈ ಗಾಜಿನ್ ಮ್ಯಾಲೇ ಬಿದ್ದೈತೆ. ದೃಷ್ಟಿ ತೆಗೀದಿದ್ರೆ ಉಳೀತದಾ?" ಎಂದಳು.

ಬೇಡ ಎಂದವರು ಒಬ್ಬರಾದರೂ ಇರಲಿ! ಎಲ್ಲರೂ ಹೌದು ಹೌದೆಂದರು. ಅಜ್ಜಿ ತೆಂಗಿನಕಾಯಿಯನ್ನು ಗಾಜಿಗೆ ನಿವಾಳಿಸಿ ಗೋಡೆಯ ಬುಡದ ಕಲ್ಲಿಗೆ ಅಪ್ಪಳಿಸಿದಳು. ಕಾಯಿ ಚೂರುಚೂರಾಯಿತು. ಚಿಪ್ಪಿನ ಚೂರೊಂದು ಹಾರಿ ಗಾಜಿಗೆ ಬಡಿದು ಚಿಟ್ ಎಂದಿತು.

ಗಾಜಿನಲ್ಲಿ ಮೇಲಿಂದ ಕೆಳಕ್ಕೆ ಒಂದು ಗೆರೆ. ಪುರಿ ಹಂಚುವವರ ಕೈ ಮೊರದಲ್ಲೇ ನಿಂತಿತು.

"ನಮ್ಮನೇಲಿ ದೇವ್ರ ಪಟದ್ ಗಾಜೈತೆ ಗೌರಕ್ಕ," ಎಂದು ಮುನಿಯಪ್ಪ ಅಜ್ಜಿಯ ಬಳಿ ಬಂದು ಪಿಸುಗುಟ್ಟಿದ. "ಅಳ್ತೆಗೆ ಕೊಯ್ಸ್ಕೊಂಡ್ ಬತ್ತೀನಿ. ಮೆತ್ಬುಟ್ರೆ ಯಾರಿಗ್ ಗೊತ್ತಾಯ್ತದೆ?"

ಸುತ್ತಲಿದ್ದ ಮುಖಗಳಿಗೆ ಜೀವ ಬಂತು. ನಾನೂ ಮನಸ್ಸಿನಲ್ಲೇ, ಹೂಂ ಅನ್ನು ಅಜ್ಜಿ, ಎಂದು ಬೇಡಿಕೊಂಡೆ. ಅಜ್ಜಿ ಅನ್ನಲಿಲ್ಲ.

"ಗೋಡೆ ನಿಲ್ತದೋ ಬೀಳ್ತದೋ ನಿಂಗೇನ್ಲಾ ಗೊತ್ತು? ಸುಳ್ ಗಾಜ್ ಮೆತ್ತಿ, ನಾಳೆ ಈ ಕೂಸಿನ್ ಮ್ಯಾಲೆ ಬಿದ್ರೆ ಯಾರ್‍ನ ಕೇಳ್ಲಿ?"

ಮಳೆಗಾಲ ಕಳೆದು ಓವರ್‌ಸಿಯರ್ ಮತ್ತೆ ಬಂದರು. ಗಾಜು ನೋಡಿದವರೇ, "ಯಾರ್ ಒಡಚ್ಚದು?" ಒಡೆದದ್ದು ಯಾರೆಂದು ತಮಿಳಿನಲ್ಲೇ ಕೇಳುತ್ತಾ ತಿರುಗಿದರು. ನಾನು ಅಜ್ಜಿಯ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಅವಳು ನನ್ನನ್ನೂ ಎಳೆದುಕೊಂಡೇ ಮುಂದೆ ಹೋದಳು.

"ನಾನೇ ಸ್ವಾಮಿ. ದೃಷ್ಟಿ ತೆಗೆಯಾಕ್ ಕಾಯಿ ಒಡ್ದೆ. ಚಿಪ್ಪು ತಗಲ್ತು."

ಜಾಗ ಉಳಿಸಿಕೊಳ್ಳಲು ಯಾರಾದರೂ ಹೀಗೇ ಹೇಳುತ್ತಾರೆ ಎಂದರು ಅವರು. ಕೆಡವಿಸಿಯೇಬಿಡುತ್ತಾರೆಂದು ನನಗೆ ಅಳು ಬಂತು. ಅವರು ಗಾಜಿನ ಗೆರೆಯ ಮೇಲೆ ಉಗುರು ಎಳೆದರು, ನೆಲದ ಕಲ್ಲಿನ ಮೇಲಿನ ಕುಂಕುಮ ನೋಡಿದರು, ಅಜ್ಜಿಯನ್ನು ನೋಡಿದರು. ಕೊನೆಗೆ ಹೊಸ ಗಾಜು ಹಾಕಿಸಿದರು. ಇನ್ನೊಂದು ಮಳೆಗಾಲ ನೋಡೋಣ. ಅಲ್ಲಿಯವರೆಗೆ ಈ ಗೋಡೆಯ ಹತ್ತಿರ ಯಾರೂ ಕೂರಕೂಡದು ಎಂದರು.

ಕಟ್ಟಡ ಬದುಕಿತು, ಅಜ್ಜಿಯ ಜಾಗ ಹೋಯಿತು. ಒಂದು ವರ್ಷ ಅವಳು ಹೊರಗಿನ ಮೆಟ್ಟಿಲ ಮೇಲೆ ಗೋಣಿತಾಟು ಹೊದ್ದು ವ್ಯಾಪಾರ ಮಾಡಿದಳು. ಹುಣಸೆಹಣ್ಣು ಎಷ್ಟೋ ಸಲ ನೆನೆಯಿತು, ನಾವು ಎಷ್ಟೋ ಸಲ ಗಂಜಿ ಕುಡಿದು ಮಲಗಿದೆವು. ಮರುವರ್ಷದ ಮಳೆ ಮುಗಿದರೂ ಗಾಜು ಹಾಗೇ ಇತ್ತು. ಅಜ್ಜಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕುಳಿತು ಬಿಕ್ಕಿಬಿಕ್ಕಿ ಅತ್ತಳು.

ಆ ಗೋಡೆ ಅಜ್ಜಿಗಿಂತ ಎಷ್ಟೋ ವರ್ಷ ಹೆಚ್ಚು ಬಾಳಿತು. ಆಮೇಲೆ ಯಾರೋ ಕಾಂಪ್ಲೆಕ್ಸ್ ಬೇಕೆಂದರು. ಬಿರುಕು ಇದೆಯೇ ಎಂದೂ ನೋಡದೆ ಕೆಡವಿದರು. ಕೋಟೆಯ ಕಲ್ಲುಗಳು ಯಾರ ಮನೆಯ ತಳಪಾಯ ಸೇರಿದವೋ ಗೊತ್ತಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಆ ಕಾಂಪ್ಲೆಕ್ಸಿಗೆ ಹೋಗಿದ್ದೆ. ಹುಣಸೆಹಣ್ಣು ಪ್ಲಾಸ್ಟಿಕ್ ಪೊಟ್ಟಣದಲ್ಲಿತ್ತು, ವಾಸನೆಯೇ ಇರಲಿಲ್ಲ. ಗೋಡೆಗಳಲ್ಲಿ ಆಗಲೇ ಬಿರುಕು, ನೋಡುವವರಿಲ್ಲ. ಹುಡುಗನೊಬ್ಬ ಮೂಟೆಯನ್ನು ಧೊಪ್ಪೆಂದು ಹಾಕಿದ. ನನ್ನ ಬಾಯಿಂದ ತಾನಾಗಿ, "ಮೆಲ್ಲಗಿಳಿಸಲಾ!" ಎಂದು ಬಂದುಬಿಟ್ಟಿತು.

"ಯಾಕಜ್ಜಿ, ಗಾಜೈತಾ?" ಎಂದ ಅವನು, ಮೂಟೆ ತಡವುತ್ತಾ.

"ಇತ್ತು ಕಣಪ್ಪ," ಎಂದೆ.