ದಿಂಬಿನ ಕೆಳಗಿನ ರೊಟ್ಟಿ

ಅದು ೧೯೭೯ನೇ ಇಸವಿ. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ತವರು ಆಳಂದ, ಗಂಡನ ಮನೆ ಅಫಜಲಪುರ. ಮನೆಯಲ್ಲಿ ಮೂರೇ ಜನ: ಶಾಲಾ ಮಾಸ್ತರರಾದ ನಮ್ಮವರು, ನಾನು, ಮತ್ತೆ ನಮ್ಮ ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ಜೈಲಿಗೆ ಹೋಗಿ ಬಂದವರು. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕುರ್ಚಿ ಹಾಕಿ ಕೂರಿಸಿ ಹಾರ ಹಾಕುತ್ತಿದ್ದರು. ಅವರು ಆ ಹಾರ ಮನೆಗೆ ತಂದು ಎಮ್ಮೆಯ ಕೊರಳಿಗೆ ಹಾಕಿಬಿಡುತ್ತಿದ್ದರು. ಜೈಲಿನ ಮಾತು ಮಾತ್ರ ಒಂದು ದಿನವೂ ಆಡಿದವರಲ್ಲ.

ಒಂದು ಸೋಮವಾರ ನಾದಿನಿ ತನ್ನ ಗಂಡನ ಊರು ಸೊನ್ನದಿಂದ ಬಂದಳು. ಬಂದವಳೇ ಅಪ್ಪನ ಹಾಸಿಗೆ ಬಿಸಿಲಿಗೆ ಹಾಕುತ್ತೇನೆಂದು ಹೊರಸಿನ ಮೇಲಿನ ಕೌದಿ ಎತ್ತಿ ಝಾಡಿಸಿದಳು. ದಿಂಬಿನ ಕೆಳಗಿಂದ ಹಳೆಯ ರುಮಾಲಿನ ಗಂಟೊಂದು ಬಿತ್ತು. ಬಿಚ್ಚಿದರೆ ಒಳಗೆ ಒಣಗಿ ಗಟ್ಟಿಯಾದ ಕಟಕ ರೊಟ್ಟಿಯ ನಾಲ್ಕು ತುಂಡು. ಅಂಗಳದಲ್ಲಿ ಓಣಿಯ ಹೆಂಗಸರು ಬೇರೆ ಕೂತಿದ್ದರು.

"ಏನ್ ವೈನಿ, ನಮ್ಮಪ್ಪ ರೊಟ್ಟಿ ಮುಚ್ಚಿಟಗೊಂಡು ತಿನ್ನೂ ಹಂಗ ಆಗ್ಯಾನೇನು?" ಅಂದಳು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ದಿನಾ ಎರಡು ಹೊತ್ತು ಬಿಸಿ ಬಿಸಿ ರೊಟ್ಟಿ ಬಡಿದು, ಅವರು ಉಂಡ ಮೇಲೆ ಉಣ್ಣುವವಳು ನಾನು. ಕಟ್ಟೆಯ ಮೇಲೆ ಕೂತಿದ್ದ ಮಾವನ ಮುಂದೆ ಹೋಗಿ ನಿಂತೆ. "ಮಾವಾರ, ನಾ ನಿಮಗ ಉಣ್ಣಾಕ ಹಾಕಾಂಗಿಲ್ಲೇನ್ರಿ? ಎಲ್ಲಾರ ಮುಂದ ಹೇಳಿಬಿಡ್ರಿ" ಎಂದೆ. ಅವರು ತಲೆ ಎತ್ತಲಿಲ್ಲ. ಮಗಳ ಕೈಯಿಂದ ಆ ಗಂಟು ಇಸಿದುಕೊಂಡು ಮತ್ತೆ ಕಟ್ಟಿದರು, ಒಳಗೆ ಹೋದರು. ಸಂಜೆಯೊಳಗೆ ಓಣಿಯ ತುಂಬಾ ಸುದ್ದಿ, ಮಾಸ್ತರರ ಹೆಂಡತಿ ಮುದುಕನನ್ನು ಉಪವಾಸ ಕೆಡವುತ್ತಾಳೆ ಅಂತ.

ನಮ್ಮವರಿಗೆ ಹೇಳಿದರೆ "ಅಪ್ಪ ಮೊದಲಿಂದ ಹಂಗ. ಬಿಡು" ಎಂದು ಲೈಬ್ರರಿ ಪುಸ್ತಕ ತೆರೆದು ಕೂತರು. ನನ್ನ ಮಾನ ಓಣಿ ಪಾಲಾಗಿದೆ, ಇವರಿಗೆ ಪುಸ್ತಕದ ಚಿಂತೆ! ಮರುದಿನ ಅವರು ಶಾಲೆಗೆ ಹೋದ ಮೇಲೆ ಟ್ರಂಕು ತುಂಬಿದೆ. ಮಾವ ಬೇರೆ ಆಗುವವರೆಗೆ ತವರಿನಿಂದ ತಿರುಗಿ ಬರುವುದಿಲ್ಲವೆಂದು ಚೀಟಿ ಬರೆದಿಟ್ಟೆ. ಹೋಗುವಾಗ ಆ ಪುಸ್ತಕವನ್ನೂ ಎತ್ತಿಕೊಂಡೆ. ಓದುವುದಕ್ಕಲ್ಲ, ಲೈಬ್ರರಿಯವರ ಮುಂದೆ ಅವರು ಒಂದು ಸಲ ತಲೆ ತಗ್ಗಿಸಲಿ ಅಂತ.

ಆಳಂದಕ್ಕೆ ಹೋಗಲು ಹತ್ತಿದ ಗುಲ್ಬರ್ಗದ ಬಸ್ಸು ಚೌಡಾಪುರದಲ್ಲಿ ಪಂಕ್ಚರ್ ಆಯಿತು. ಎಲ್ಲರೂ ಇಳಿದರು. ನಾನು ಬೇವಿನ ಗಿಡದ ನೆರಳಿನಲ್ಲಿ ಟ್ರಂಕಿನ ಮೇಲೆ ಕೂತೆ. ಬೇರೇನೂ ಕೆಲಸವಿಲ್ಲದೆ ಆ ಪುಸ್ತಕ ತೆರೆದೆ. ರಷ್ಯಾ ದೇಶದ ಕಾದಂಬರಿ, ಕನ್ನಡಕ್ಕೆ ಮಾಡಿದ್ದು. ಕೈದಿಗಳನ್ನು ಹಿಮದ ನಡುವೆ ದುಡಿಸುವ ಶಿಬಿರದ ಕಥೆ. ಒಬ್ಬೊಬ್ಬರ ಹೆಸರು ಮೊಳದುದ್ದ. ಚಳಿ ಚಳಿ ಎಂದು ಪುಟಗಟ್ಟಲೆ ಬರೆದಿದ್ದಾರಲ್ಲ, ನಮ್ಮ ಬಿಸಿಲಿಗೆ ಬಂದು ನೋಡಲಿ ಎಂದುಕೊಂಡು ಹಾಳೆ ತಿರುವುತ್ತಿದ್ದೆ. ಅಷ್ಟರಲ್ಲಿ ಒಬ್ಬ ಕೈದಿ ತನ್ನ ಪಾಲಿನ ಬ್ರೆಡ್ಡಿನಲ್ಲಿ ಅರ್ಧ ತಿಂದು, ಉಳಿದರ್ಧವನ್ನು ಯಾರಿಗೂ ಕಾಣದಂತೆ ಹಾಸಿಗೆಯಲ್ಲಿ ಬಚ್ಚಿಟ್ಟ.

ಅಲ್ಲಿಗೆ ನನ್ನ ಕೈ ನಿಂತುಬಿಟ್ಟಿತು. ಮಾವ ಜೈಲಿಗೆ ಹೋಗಿದ್ದು ನನಗೆ ಗೊತ್ತಿತ್ತು, ದಿಂಬಿನ ಕೆಳಗೆ ರೊಟ್ಟಿ ಸಿಕ್ಕಿದ್ದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ. ಎಲ್ಲರ ಮುಂದೆ ಅವರಿಗೆ ಅಂದ ಮಾತು ನೆನಪಾಗಿ ಅಲ್ಲೇ ಅಳು ಬಂತು.

"ಅಕ್ಕಾರ, ಗಾಲಿ ಹಾಕಿ ಆತು, ಹತ್ರಿ" ಎಂದು ಕಂಡಕ್ಟರ್ ಬಂದ.

"ನಾ ಬರಾಂಗಿಲ್ರಿ. ಅಫಜಲಪುರ ಗಾಡಿ ಯಾವಾಗ ಅದರಿ?"

"ಈಗ ಅಲ್ಲಿಂದನೇ ಬಂದೀರಲ್ರಿ!"

"ಒಲಿ ಮ್ಯಾಲ ಹಾಲು ಮರತು ಬಂದೇನ್ರಿ" ಎಂದೆ. ಬಾಯಿಗೆ ಬಂದ ಸುಳ್ಳು ಅದು.

"ಇಷ್ಟೊತ್ತಿಗೆ ಉಕ್ಕಿ ಹೋಗಿರ್ತದ್ರಿ ಅಕ್ಕಾರ" ಎಂದು ನಕ್ಕ. ಆದರೆ ನನ್ನ ಮುಖ ನೋಡಿ ಮತ್ತೇನೂ ಕೇಳಲಿಲ್ಲ. ಎದುರಿನಿಂದ ಬಂದ ಅಫಜಲಪುರದ ಬಸ್ಸನ್ನು ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದು ನಿಲ್ಲಿಸಿದ. ನನ್ನ ಟ್ರಂಕು ತಾನೇ ಹೊತ್ತು ಹತ್ತಿಸಿ, "ಇವರನ್ನ ಜೋಪಾನ ಇಳಸಪಾ" ಎಂದು ಅಲ್ಲಿಯ ಕಂಡಕ್ಟರನಿಗೆ ಹೇಳಿದ. ಆ ಪುಣ್ಯಾತ್ಮನ ಹೆಸರು ಕೇಳಬೇಕೆಂಬುದೂ ನನಗೆ ಹೊಳೆಯಲಿಲ್ಲ.

ಮಾವ ಕಟ್ಟೆಯ ಮೇಲೆಯೇ ಕೂತಿದ್ದರು. ಪಕ್ಕದಲ್ಲಿ ನನ್ನ ಚೀಟಿ. "ಯಾಕ ಯವ್ವಾ, ಬಸ್ ಸಿಗಲಿಲ್ಲೇನು?" ಎಂದರು. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆಯೇ.

"ಮಾವಾರ, ಜೈಲಿನಾಗ ಉಣ್ಣಾಕ ಏನ್ ಕೊಡ್ತಿದ್ರು?"

"ಎಲ್ಲಾರೂ ಯಾಕ ಹೋಗಿದ್ರಿ ಅಂತ ಕೇಳ್ತಾರ. ಏನು ಉಂಡ್ರಿ ಅಂತ ಯಾರೂ ಕೇಳಿಲ್ಲವ್ವ" ಎಂದರು. ಆಮೇಲೆ ನಿಧಾನವಾಗಿ ಹೇಳಿದರು: "ಹೊತ್ತಿಗೊಂದು ರೊಟ್ಟಿ. ಅರ್ಧಾ ತಿಂದು ಅರ್ಧಾ ಇಟಗೋತಿದ್ವಿ. ತಲಿ ಕೆಳಗ ಅದ ಅಂತ ಗೊತ್ತಿದ್ರ ನಿದ್ದಿ ಹತ್ತತಿತ್ತು. ಈಗೂ ಹಂಗ. ನಿನ್ನ ಕೈ ರೊಟ್ಟಿ ಹೊಟ್ಟಿ ತುಂಬಾ ಉಣ್ತೇನಿ, ಆದ್ರ ದಿಂಬಿನ ಕೆಳಗ ಒಂದ್ ತುಂಡು ಇರದಿದ್ರ ಕಣ್ಣು ಮುಚ್ಚಾಂಗಿಲ್ಲ."

"ನಿನ್ನೆ ಯಾಕ ಹೇಳಲಿಲ್ರಿ?"

"ನಾಚಿಕಿ ಬಂತು. ವರ್ಷಾ ಹಾರ ಹಾಕ್ತಾರ. ಅಂಥಾವ ರೊಟ್ಟಿ ಮುಚ್ಚಿಡ್ತಾನ ಅಂತ ಹ್ಯಾಂಗ ಹೇಳ್ಲಿ?"

ನಾನು ಅವರ ಕಾಲು ಹಿಡಿದು ಅತ್ತೆ. ಅವರೂ ಅತ್ತರು. ಚೀಟಿ ಒಲೆಗೆ ಹಾಕಿ ರೊಟ್ಟಿ ಬಡಿಯಲು ಕೂತೆ. ಸಂಜೆ ನಮ್ಮವರು ಬಂದು ಪುಸ್ತಕ ಎಲ್ಲಿ ಎಂದು ಹುಡುಕಿದರು. ಓದಿ ಮುಗಿಸುವವರೆಗೆ ಕೊಡುವುದಿಲ್ಲ ಎಂದೆ. ಮುಂದಿನ ಸಲ ಬಂದ ನಾದಿನಿಗೆ ಎಲ್ಲ ಹೇಳಿದೆ. ಅವಳು ಅದೇ ಓಣಿಯ ಹೆಂಗಸರ ನಡುವೆ ಕೂತು, ತಾನಂದದ್ದು ತಪ್ಪೆಂದು ಹೇಳಿ ಹೋದಳು.

ಅಂದಿನಿಂದ ದಿನಾ ಸಂಜೆ ಹಳೆಯ ತುಂಡು ತೆಗೆದು ಹೊಸದು ಇಡುವ ಕೆಲಸ ನನ್ನದಾಯಿತು. ರುಮಾಲು ಬಿಟ್ಟು ಒಂದು ಪುಟ್ಟ ಚೀಲ ಹೊಲಿದುಕೊಟ್ಟೆ. ಆಮೇಲೆ ಮಾವ ಹನ್ನೊಂದು ವರ್ಷ ಬದುಕಿದರು. ಆ ಕಾದಂಬರಿ ಬರೆದವರ ಹೆಸರು ಇಂದಿಗೂ ನನ್ನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ. ಆದರೂ ಅವರನ್ನು, ಅದನ್ನು ಕನ್ನಡಕ್ಕೆ ತಂದವರನ್ನು, ಚೌಡಾಪುರದ ಆ ಕಂಡಕ್ಟರನನ್ನು ನೆನೆಯದ ದಿನವಿಲ್ಲ. ಅವರಿಲ್ಲದಿದ್ದರೆ ನಾನು ಒಬ್ಬ ತಂದೆಯಂಥವರನ್ನು ಕಳೆದುಕೊಳ್ಳುತ್ತಿದ್ದೆ.

ಮಾವ ನಿದ್ದೆಯಲ್ಲಿಯೇ ಹೋದರು. ಮಣ್ಣು ಮಾಡಿ ಬಂದ ಮೇಲೆ ಹಾಸಿಗೆ ತೆಗೆಯುವಾಗ ಆ ಚೀಲ ಸಿಕ್ಕಿತು. ಹಿಂದಿನ ಸಂಜೆ ನಾನಿಟ್ಟ ತುಂಡು ಹಾಗೇ ಇತ್ತು. "ಎಮ್ಮಿಗೆ ಹಾಕಬೇ" ಎಂದರು ಯಾರೋ. ನನಗೆ ಮನಸ್ಸಾಗಲಿಲ್ಲ. ಅವರು ಕೂರುತ್ತಿದ್ದ ಕಟ್ಟೆಯ ಮೇಲೆ ಕೂತು ಅದನ್ನು ನಾನೇ ತಿಂದೆ.