ಟಕ್ ಎನ್ನುವ ಸದ್ದು

ಬೀದಿಯವರೆಲ್ಲ ಅವರನ್ನು ಟಿಕ್‌ಟಿಕ್ ಮಾಮ ಎಂದೇ ಕರೆಯುತ್ತಿದ್ದರು. ಮೀಸೆ ಮೂಡುವ ಮೊದಲೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ರಿಪೇರಿಗೆ ಕೂತವರು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಗಿರಾಕಿ "ಸ್ವಲ್ಪ ಬೇಗ" ಎಂದರೆ ಸಾಕು, ವಾಚನ್ನು ಇದ್ದ ಹಾಗೆಯೇ ಕೈಗಿಟ್ಟು ಕಳಿಸುತ್ತಿದ್ದರು. ಅವರ ಮೇಜಿನ ಮೇಲೆ ನಡೆಯುತ್ತಿದ್ದದ್ದು ಒಂದೇ ಕಟ್ಟಳೆ: ಬಲ ಹಾಕಬಾರದು. ವಾಚಿನೊಳಗೆ ಎಲ್ಲವೂ ತಾನಾಗಿ ಕೂರಬೇಕು. ಕೂರಲಿಲ್ಲವೇ, ತೆಗೆದು ಮತ್ತೆ ಇಡು. ಟಕ್ ಎಂದು ಸದ್ದು ಬಂತೇ, ಏನೋ ಮುರಿಯಿತು.

ಆ ಸದ್ದು ಹೋದ ವರ್ಷ ಅವರ ಕೈಯಿಂದಲೇ ಬಂತು. ಯಾರೋ ಒಬ್ಬರು ತೀರಿಹೋದ ತಂದೆಯ ವಾಚು ತಂದಿದ್ದರು. ಚಿಮುಟ ಹಿಡಿದ ಬಲಗೈ ನಡುಗಿತು, ಒಳಗಿನ ಚಕ್ರದ ಅಚ್ಚು ಮುರಿಯಿತು. ಅಂಥ ಅಚ್ಚು ಈಗ ಎಲ್ಲೂ ಸಿಗುವುದಿಲ್ಲ. ಆತ ತುಟಿ ಪಿಟಕ್ಕೆನ್ನದೆ ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾಮ ಅಂಗಡಿಯ ಬಾಗಿಲು ಎಳೆದರು. "ಈಗ ಯಾರಪ್ಪ ವಾಚು ಕಟ್ತಾರೆ, ಎಲ್ರೂ ಫೋನ್ ನೋಡ್ತಾರೆ" ಎಂದು ಊರಿಗೆಲ್ಲ ಹೇಳಿದರು. ಮನೆಯಲ್ಲಿ ಹೆಂಡತಿಗೂ ಮಗಳಿಗೂ ನಿಜ ಗೊತ್ತಿತ್ತು, ಆದರೆ ಯಾರೂ ಆ ಮಾತೆತ್ತಲಿಲ್ಲ. ಬಲಗೈ ಪ್ಯಾಂಟಿನ ಜೇಬು ಸೇರಿತು. ಚಹಾದ ಲೋಟ ಎಡಗೈಗೆ ಬಂತು. ಹೆಂಡತಿ ಲೋಟವನ್ನು ಅರ್ಧ ಮಾತ್ರ ತುಂಬಿಸತೊಡಗಿದರು.

ಇಂಥ ಮನೆಯಲ್ಲಿ ಮಗಳು ಗೇಮಿಂಗ್ ಕಂಪ್ಯೂಟರಿನ ಮಾತು ತೆಗೆದಳು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಹುಡುಗಿ. ಸಂಜೆ ಗೆಳತಿಯರ ತಂಡದೊಂದಿಗೆ ಆಟಕ್ಕೆ ಕೂತರೆ ಅವಳ ಹಳೇ ಲ್ಯಾಪ್‌ಟಾಪ್ ತಿಣುಕುತ್ತಿತ್ತು. ಉಳಿದವರು ಗೋಡೆ ಹಾರಿ ಹೋರಾಟ ಮುಗಿಸಿರುತ್ತಿದ್ದರು, ಇವಳು ಇನ್ನೂ ಗೋಡೆಯ ಈಚೆ ಕಡೆ ಮರಗಟ್ಟಿ ನಿಂತಿರುತ್ತಿದ್ದಳು. ಹೊಸ ಚಪ್ಪಲಿಯನ್ನೂ ಮುಂದೂಡಿ ಒಂದಿಷ್ಟು ದುಡ್ಡು ಕೂಡಿಸಿದ್ದಳು. ಸಿದ್ಧ ಮೆಶೀನಿಗೆ ಅದು ಸಾಲದು. ಬಿಡಿಭಾಗ ತಂದು ಜೋಡಿಸಿದರೆ ಹೇಗೋ ಆದೀತು.

"ಯಾವ ಭಾಗ ತಗೋಬೇಕು ಅಂತ ನಾನು ಹೇಳ್ತೀನಿ, ಪುಟ್ಟಿ" ಎಂದರು ಮಾಮ. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಮನುಷ್ಯ! ಆದರೂ ಅಷ್ಟು ದಿನಗಳ ಮೇಲೆ ಅಪ್ಪನ ಮುಖದಲ್ಲಿ ಕಳೆ ಕಂಡಿತಲ್ಲ ಎಂದು ಅವಳು ಹೂಂ ಅಂದಳು.

ಬಿಡಿಭಾಗದ ಅಂಗಡಿಯಲ್ಲಿ ಜಗಳ ಶುರುವಾಯಿತು. ಪೆಟ್ಟಿಗೆಗಳ ನಡುವೆ ಕಾಲಿಡಲು ಜಾಗವಿಲ್ಲದ ಅಂಗಡಿ. ಮಗಳ ಕಣ್ಣು ಗಾಜಿನ ಬಾಗಿಲಿನ, ಬಣ್ಣದ ದೀಪಗಳ ಕ್ಯಾಬಿನೆಟ್ಟಿನ ಮೇಲೆ. ಅದರ ಜೊತೆ ಪವರ್ ಸಪ್ಲೈ ಪುಕ್ಕಟೆ. ಮಾಮ ಆ ಪವರ್ ಸಪ್ಲೈಯನ್ನು ಎಡಗೈಯಲ್ಲಿ ಎತ್ತಿ ನೋಡಿದರು. ಹಗುರವಾಗಿತ್ತು, ಮೇಲೆ ತಯಾರಿಸಿದವರ ಹೆಸರೂ ಇರಲಿಲ್ಲ.

"ಇದು ಬೇಡ. ಸ್ಪ್ರಿಂಗ್ ಸರಿಯಿಲ್ಲದ ವಾಚಿಗೆ ಚಿನ್ನದ ಡಯಲ್ ಹಾಕಿ ಏನು ಪ್ರಯೋಜನ?"

"ಒಳ್ಳೇದು ತಗೊಂಡ್ರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲಲ್ಲ ಅಪ್ಪ. ಆಟ ಓಡೋದೇ ಆ ಕಾರ್ಡಿಂದ."

"ಹಾಗಾದ್ರೆ ದೀಪ ಬಿಡು. ಆಡೋಳು ನೀನು, ದೀಪ ಯಾರಿಗೆ?"

"ದುಡ್ಡು ನಂದು, ಹಟ ನಿಂದು!" ಎಂದಳು. ಅಂಗಡಿಯವನು ಮುಖ ಆಚೆ ತಿರುಗಿಸಿ ನಕ್ಕ.

ಕೊನೆಗೆ ಬಣ್ಣದ ದೀಪಕ್ಕೆ ಎಳ್ಳುನೀರು ಬಿಟ್ಟು ಸಾದಾ ಕಪ್ಪು ಕ್ಯಾಬಿನೆಟ್ ಆಯಿತು. ಪವರ್ ಸಪ್ಲೈ ಮಾಮ ಹೇಳಿದ್ದು, ಕಾರ್ಡು ಮಗಳು ಹೇಳಿದ್ದು. ಇನ್ನು ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಬಾಕಿ. ಜೋಡಿಯಾಗಿ ಎರಡು ಬೇಕಿತ್ತು, ಉಳಿದ ದುಡ್ಡು ಒಂದಕ್ಕೇ ಸಾಕಾಗುತ್ತಿತ್ತು. ಅಂಗಡಿಯವನು ಜೋಡಿಸಿ ಕೊಡುವ ಕೂಲಿ ಸೇರಿಸಿ ಲೆಕ್ಕ ಹೇಳಿದಾಗ ಮಾಮ ತಡೆದರು.

"ಕೂಲಿ ತೆಗೀರಿ. ಅದ್ರಲ್ಲಿ ಇನ್ನೊಂದು ಪಟ್ಟಿ ಕೊಡಿ. ಜೋಡಿಸೋದು ನಾನು."

ಮಗಳು ಅಪ್ಪನ ಜೇಬಿನ ಕಡೆ ನೋಡಿದಳು. ಕೈ ಅಲ್ಲೇ ಇತ್ತು.

"ಪೆಟ್ಟಿಗೆ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಯಜಮಾನ್ರೇ" ಎಂದ ಅಂಗಡಿಯವನು. "ಕಂಪನಿ ತಪ್ಪಾದ್ರೆ ಬದಲಾಯಿಸ್ತೀವಿ. ಕೈ ತಪ್ಪಿ ಹಾಳಾದ್ರೆ ನಮ್ಮನ್ನ ಕೇಳ್ಬೇಡಿ."

ಭಾನುವಾರ ಮಧ್ಯಾಹ್ನ ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿದರು. "ಅಂಗಡಿಯವನ ಹತ್ರಾನೇ ಮಾಡಿಸ್ಬಾರ್ದಿತ್ತೇನ್ರೀ?" ಎಂದು ಹೆಂಡತಿ ಬಾಗಿಲಲ್ಲೇ ನಿಂತು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಮಾಮ ಜೇಬಿನಿಂದ ಬಲಗೈ ತೆಗೆದರು. ಬೆರಳು ನಡುಗುತ್ತಿತ್ತು. ಮಗಳು ಮದರ್‌ಬೋರ್ಡಿನ ಮೇಲೇ ಕಣ್ಣಿಟ್ಟಳು.

ಪ್ರೊಸೆಸರ್ ತನ್ನ ಗೂಡಿನಲ್ಲಿ ತಾನಾಗಿ ಕೂತಿತು, ಥೇಟು ವಾಚಿನ ಭಾಗದಂತೆ. ಮಾಮನಿಗೆ ಧೈರ್ಯ ಬಂತು. ರ‍್ಯಾಮ್ ಪಟ್ಟಿಗಳನ್ನು ಸೀಳಿನಲ್ಲಿಟ್ಟು ಬೆರಳ ತುದಿಯಿಂದ ಅದುಮಿದರು. ಒಳಗಿನಿಂದ ಬಿರುಸಾಗಿ ಏನೋ ತಡೆಯಿತು, ಬೋರ್ಡು ಕೊಂಚ ಬಾಗಿದಂತೆ ಕಂಡಿತು. ಕೈ ತಂತಾನೇ ಹಿಂದೆ ಸರಿಯಿತು. ಪಟ್ಟಿಗಳು ನೆಟ್ಟಗೆ ನಿಂತಿವೆಯಲ್ಲ, ಸಾಕು ಎಂದುಕೊಂಡರು. ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಮಗಳೇ ಕೂರಿಸಿದಳು. ಅಂಗೈ ಊರಿ ಒತ್ತಿದಳು. ಟಕ್ ಎಂದಿತು.

ಮಾಮನ ಜೀವ ಬಾಯಿಗೆ ಬಂತು. "ಮುರಿದ್ಯಾ?"

"ಇದು ಹೀಗೇ ಅಪ್ಪ."

ಕೇಬಲ್‌ಗಳನ್ನೆಲ್ಲ ಸಿಕ್ಕಿಸಿ ಗುಂಡಿ ಅದುಮಿದರು. ಫ್ಯಾನುಗಳು ಸುಯ್ ಎಂದು ತಿರುಗಿದವು. ಇಬ್ಬರೂ ಮಾನಿಟರ್ ನೋಡುತ್ತ ಕೂತರು. ಪರದೆ ಕಪ್ಪಗಿತ್ತು, ಕಪ್ಪಗೇ ಉಳಿಯಿತು. ಆರಿಸಿ ಮತ್ತೆ ಹಾಕಿದರು. ಬೋರ್ಡಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ ಉರಿಯುತ್ತಿತ್ತು.

"ನೀನು ಟಕ್ ಅನ್ನಿಸ್ದಾಗ್ಲೇ ಅಂದ್ಕೊಂಡೆ" ಎಂದರು ಮಾಮ. ಮಾತು ಚೂಪಾಗಿಯೇ ಬಂತು. "ಅಷ್ಟು ದುಡ್ಡಿನ ಕಾರ್ಡು. ಹಾಗಾ ಒತ್ತೋದು?"

"ನಾನಾ? ನಡುಗಿದ್ದು ನನ್ನ ಕೈ ಅಲ್ಲ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಮಾಮ ಬಲಗೈಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಕರವಸ್ತ್ರದಲ್ಲಿ ವಾಚು ಸುತ್ತಿಕೊಂಡು ಹೋದ ಆ ಮನುಷ್ಯನ ಬೆನ್ನು ಕಣ್ಣಿಗೆ ಕಟ್ಟಿತು. ಹೆತ್ತ ಮಗಳಿಗೂ ಅದನ್ನೇ ಮಾಡಿಟ್ಟೆ ಎನಿಸಿತು.

ಮಗಳು ಏನೂ ತೋಚದೆ ಅಂಗಡಿಗೆ ಫೋನ್ ಮಾಡಿದಳು. ಅಂಗಡಿಯವನ ದನಿ ಇಡೀ ಕೋಣೆಗೆ ಕೇಳಿಸುತ್ತಿತ್ತು.

"ಕೆಂಪು ಚುಕ್ಕೆ ಎಲ್ಲಿದೆ? ರ‍್ಯಾಮ್ ಪಕ್ಕಾನಾ? ಹಾಗಾದ್ರೆ ಪಟ್ಟಿ ಪೂರ್ತಿ ಕೂತಿಲ್ಲ. ಕರೆಂಟ್ ತೆಗೆದು ಜೋರಾಗಿ ಒತ್ತಿ."

"ಜೋರಾಗಿ ಅಂದ್ರೆ?"

"ಟಕ್ ಅನ್ನೋವರೆಗೂ ಒತ್ತಮ್ಮ. ಎಲ್ರೂ ಹೆದರಿಕೊಂಡು ಅರ್ಧಕ್ಕೇ ಬಿಡ್ತಾರೆ."

ಫೋನ್ ಇಟ್ಟ ಮೇಲೆ ಮಾಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ನೀನೇ ಒತ್ತು ಪುಟ್ಟಿ. ನಂದು ಬೇಡ."

ಅವಳ ಕಣ್ಣು ತುಂಬಿತ್ತು. ಪ್ಲಗ್ ಕಿತ್ತು ಬಂದು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. "ನೀನು ಇಟ್ಟಿದ್ದು, ನೀನೇ ಒತ್ತು."

"ಮುರಿದ್ರೆ?"

"ಮುರಿದ್ರೆ ಮುರೀಲಿ."

ಮಾಮ ಎದ್ದರು. ಜೇಬಿನಿಂದ ಕೈ ತೆಗೆದು ಎರಡೂ ಹೆಬ್ಬೆರಳನ್ನು ಮೊದಲ ಪಟ್ಟಿಯ ಎರಡು ತುದಿಗಿಟ್ಟರು. ನಡುಕ ಪಟ್ಟಿಗೂ ಹತ್ತಿತು. ಹಲ್ಲು ಕಚ್ಚಿ ಒತ್ತಿದರು. ತಡೆಯಿತು. ಜೀವಮಾನವಿಡೀ ಇಲ್ಲೇ ನಿಂತ ಕೈ ಅದು. ಅವರು ಕಣ್ಣು ಮುಚ್ಚಿ ಇನ್ನೂ ಒತ್ತಿದರು.

ಟಕ್.

ಕಣ್ಣು ಬಿಟ್ಟಾಗ ಪಟ್ಟಿ ಸೀಳಿನೊಳಗೆ ಭದ್ರವಾಗಿ ಇಳಿದಿತ್ತು. ಹೆಬ್ಬೆರಳು ಅದರ ಮೇಲೇ ಇತ್ತು, ಅಲುಗುತ್ತಿರಲಿಲ್ಲ. ಬಲ ಹಾಕಿ ಒತ್ತಿದಷ್ಟು ಹೊತ್ತು ನಡುಕ ಎಲ್ಲಿ ಹೋಗಿತ್ತೋ. ಅವರು ಆ ಬೆರಳನ್ನೇ ನೋಡಿದರು. ಆಮೇಲೆ ಎರಡನೆಯ ಪಟ್ಟಿಯನ್ನೂ ಒತ್ತಿದರು, ಈ ಸಲ ಕಣ್ಣು ತೆರೆದೇ. ಮತ್ತೆ ಟಕ್ ಎಂದಿತು.

ಮಗಳು ಪ್ಲಗ್ ಹಾಕಿ ಗುಂಡಿ ಅದುಮಿದಳು. ಫ್ಯಾನು ತಿರುಗಿತು, ಕೆಂಪು ಚುಕ್ಕೆ ಆರಿತು, ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಮೂಡಿದವು. ಎರಡು ರ‍್ಯಾಮ್ ಪಟ್ಟಿಗಳೂ ಅಲ್ಲಿ ಕಾಣುತ್ತಿದ್ದವು. ಅವಳು ಕಿರುಚಿಕೊಂಡ ರಭಸಕ್ಕೆ ಅಮ್ಮ ಚಹಾ ಹಿಡಿದು ಓಡಿ ಬಂದರು. ಗಡಿಬಿಡಿಯಲ್ಲಿ ಲೋಟ ಕಂಠಮಟ್ಟ ತುಂಬಿತ್ತು.

ಮಾಮ ಪರದೆಯಿಂದ ಕಣ್ಣು ಕೀಳದೆ ಕೈ ಚಾಚಿದರು. ಬಲಗೈ. ಲೋಟ ಗಡಗಡ ನಡುಗಿತು, ಬಿಸಿ ಚಹಾ ಬಿಳಿ ಬಟ್ಟೆಯ ಮೇಲೆಲ್ಲ ಚೆಲ್ಲಿತು. ಅವರು ಕೈ ಬದಲಿಸಲಿಲ್ಲ. ಮಗಳು ಕಂಪ್ಯೂಟರನ್ನೇ ಎರಡೂ ಕೈಯಿಂದ ತಬ್ಬಿ ಮೇಜಿನ ಆಚೆ ತುದಿಗೆ ಎಳೆದುಕೊಂಡಳು.

"ಕುಡಿ ಅಪ್ಪ" ಎಂದಳು. "ಇನ್ಮೇಲೆ ಕಂಪ್ಯೂಟರ್ ಈ ತುದೀಲೇ ಇರುತ್ತೆ."