ಮುಯ್ಯಿಗೆ ಬಾರದ ಕೈಗಳು

ಗಂಡ ದೊಕ್‌ಸುವಿಗೆ ಕಲ್ಲುಕೋರೆಯಲ್ಲಿ ಕೆಲಸ ಸಿಕ್ಕಿತೆಂದು ವಿಯೆಟ್ನಾಮಿನಿಂದ ಮದುವೆಯಾಗಿ ಅವನ ದೇಶಕ್ಕೆ ಬಂದಿದ್ದ ಥಾಮ್ ಆನ್ಸಾನ್ ನಗರ ಬಿಟ್ಟು ಗ್ವೇಸಾನ್ ಕಡೆಯ ಈ ಸಣ್ಣ ಪೇಟೆಗೆ ಬಂದಿದ್ದಳು. ಚಳಿ ಹತ್ತಿರ ಬಂದರೂ ಅವಳಿದ್ದ ಮೇಲ್ಕೇರಿಯ ಹೆಂಗಸರು ಅಲ್ಲಿನ ರೂಢಿಯಂತೆ ಅವಳನ್ನು ಮಗಳ ಹೆಸರು ಹಿಡಿದು ‘ಬೋರಾಳ ಅಮ್ಮ’ ಎಂದು ಒಮ್ಮೆಯೂ ಕರೆದಿರಲಿಲ್ಲ. ಅವರ ಬಾಯಲ್ಲಿ ಅವಳು ‘ಆ ಪರದೇಶದವಳು’.

ಚಳಿಗಾಲಕ್ಕೆಂದು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವುದು ಆ ಕೇರಿಯಲ್ಲಿ ಮುಯ್ಯಾಳಿನ ಕೆಲಸ. ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ಥಾಮ್ ಯಾರೂ ಕರೆಯದಿದ್ದರೂ ರಬ್ಬರ್ ಗವಸು ತೊಟ್ಟು ಮನೆಮನೆಗೂ ಹೋದಳು. ಬೆನ್ನು ಬಗ್ಗಿಸಿ ದುಡಿದಳು. ಯಾರೂ ಬೇಡವೆನ್ನಲಿಲ್ಲ. ಕೊನೆಯ ಸರದಿ ಅವಳದು. ಆ ದಿನ ನಾಲ್ಕು ಜನ ತನ್ನ ಅಂಗಳದಲ್ಲಿ ಕೂತರೆ ಈ ಕೇರಿಯಲ್ಲಿ ತಾನೂ ಒಂದು ಲೆಕ್ಕಕ್ಕೆ ಬಂದಂತೆ ಎಂದುಕೊಂಡಿದ್ದಳು.

ಹಿಂದಿನ ದಿನವೇ ಕೋಸು ಸೀಳಿ ಉಪ್ಪಿಗೆ ಹಾಕಿದ್ದಳು. ಬೆಳಗ್ಗೆ ತೊಳೆದು ನೀರು ಬಸಿದು ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಕೇರಿಯ ಮುಖಂಡನ ಹೆಂಡತಿ ಮಾಲ್‌ನ್ಯೋಳ ಮನೆಯಿಂದ ಮಾತ್ರ ನಗು ಕೇಳುತ್ತಿತ್ತು. ಥಾಮ್ ಅಲ್ಲಿಗೇ ಹೋದಳು.

"ಇವತ್ತು ನಮ್ಮನೆ ಸರದಿ, ಅಕ್ಕಾವ್ರೇ."

"ಸೊಂಟ ಹಿಡ್ಕೊಂಡಿದೆ ಕಣೇ," ಎಂದಳು ಮಾಲ್‌ನ್ಯೋ.

"ಎಲ್ಲಾರ ಸೊಂಟನೂ ಒಂದೇ ದಿನ ಹಿಡ್ಕೊಳ್ತಾ?"

ಒಳಗಿದ್ದವರು ಕಿಸಕ್ಕೆಂದರು. ಮಾಲ್‌ನ್ಯೋ ಮುಚ್ಚುಮರೆ ಬಿಟ್ಟಳು. "ಕೆಳಕೇರಿಗೂ ನಿನ್ನಂಥೋಳೇ ಒಬ್ಳು ಬಂದಿದ್ಳು. ವರ್ಷ ತುಂಬೋದ್ರೊಳಗೆ ಗಂಟು ಕಟ್ಕೊಂಡು ಓಡಿದ್ಳು. ನಾಳೆ ಓಡೋಳಿಗೆ ಇವತ್ತು ಮುಯ್ಯಿ ಯಾಕೆ?"

ತಾನು ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದುಕೊಂಡಳು ಥಾಮ್. ಆದರೆ ಉಪ್ಪಿಗೆ ಬಿದ್ದ ಕೋಸು ಯಾರ ಮುನಿಸಿಗೂ ಕಾಯುವುದಿಲ್ಲ. ಅವಳು ಕೈಗಾಡಿ ತಂದು ಕೋಸನ್ನೆಲ್ಲ ಟಬ್ಬುಗಳಿಗೆ ತುಂಬಿದಳು. ತಾನು ದುಡಿದ ಒಂದೊಂದು ಮನೆಯ ಮೆಟ್ಟಿಲ ಮೇಲೂ ಒಂದೊಂದು ಟಬ್ಬು, ಪಕ್ಕದಲ್ಲಿ ಒಂದು ಬೋಗುಣಿ ಕೆಂಪು ಮಸಾಲೆ ಇಟ್ಟಳು. ಮಾಲ್‌ನ್ಯೋಳ ಬಾಗಿಲಲ್ಲಿ ನಿಂತು ಕೇರಿಗೆಲ್ಲ ಕೇಳುವಂತೆ ಹೇಳಿದಳು:

"ಕೋಸೂ ನಂದು, ಮಸಾಲೇನೂ ನಂದು. ನಿಮ್ಮದು ಕೈ ಮಾತ್ರ. ಆಗಲ್ಲ ಅಂದ್ರೆ ಇಲ್ಲೇ ಕೊಳೀಲಿ. ಯಾರ ಮೆಟ್ಟಿಲು ನಾರುತ್ತೋ ಹೋಗಿ ಬರೋರು ನೋಡ್ಲಿ."

"ಎಂಥಾ ಗಂಡುಬೀರಿ ಇವಳು," ಎಂದು ಯಾರೋ ಗೊಣಗಿದರು. ಥಾಮ್ ಖಾಲಿ ಗಾಡಿ ತಳ್ಳಿಕೊಂಡು ಮನೆಗೆ ಹೊರಟಳು.

ಮಧ್ಯಾಹ್ನ ಕಳೆದ ಮೇಲೆ ಟಬ್ಬುಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಕೋಸಿಗೆಲ್ಲ ಮಸಾಲೆ ಸವರಿ ಆಗಿತ್ತು. ತಂದವರು ಗೇಟಿನ ಬಳಿ ಕುಕ್ಕಿ ಹೋದರು. ಕೊನೆಗೆ ಬಂದವಳು ಮಾಲ್‌ನ್ಯೋ.

"ಉಪ್ಪು ಜಾಸ್ತಿಯಾಗಿದೆ. ಬರೋ ವರ್ಷ ಹಿಂಗೆ ತಂದು ಸುರಿದ್ರೆ ಚರಂಡಿಗೆ ಎಸೀತೀನಿ, ಬೋರಾಳ ಅಮ್ಮ."

"ಬರೋ ವರ್ಷ ನೀವು ಮೊದಲು ನಮ್ಮನೆಗೆ ಬನ್ನಿ. ಆಮೇಲೆ ನಾನು ನಿಮ್ಮನೆಗೆ ಬರೋದು."

ಒಲೆಯ ಮೇಲೆ, ಕಿಮ್ಚಿಗೆ ಕೈ ಹಾಕಿದವರಿಗೆಂದು ಬೇಯಿಸಿದ ಹಂದಿಮಾಂಸ ಘಮಘಮಿಸುತ್ತಿತ್ತು. ಮಾಲ್‌ನ್ಯೋಳ ಮೂಗು ಆ ಕಡೆ ತಿರುಗಿತು. ಥಾಮ್ ಕೂರಿ ಎನ್ನಲಿಲ್ಲ. ಟಬ್ಬನ್ನು ಒಳಗೆಳೆದುಕೊಂಡು ಗೇಟಿನ ಚಿಲಕ ಹಾಕಿದಳು.